ಬಡಿಸುವ ಕೈಯ ಧರ್ಮ

ಅಳದ ಮಗುವಿಗೆ ತಾಯಿಯೂ ಹಾಲುಣಿಸಳೆಂದು ನಮ್ಮ ಹಿರಿಯರು ಗಾದೆ ಮಾಡಿಟ್ಟಿರುವರು. ತಾಯಿಯ ವಿಷಯದಲ್ಲಿ ಇದು ಪೂರ್ಣಸತ್ಯವಲ್ಲವೆಂಬುದನ್ನು ಗೃಹಿಣಿಯರಾದ ನಮ್ಮ ವಾಚಕಿಯರು ಬಲ್ಲರು. ಸರ್ಕಾರಗಳ ವಿಷಯದಲ್ಲಿ ಇದೆಷ್ಟು ನಿಜವೆಂಬುದನ್ನು ಮಾತ್ರ ಐರ್ಲೆಂಡು ದೇಶದ ಈಚಿನ ಚರಿತ್ರೆಯಿಂದ ತಿಳಿಯಬಹುದು. ಆದಕಾರಣ ಈ ತಿಂಗಳು ಅದನ್ನು ಕುರಿತು ನಾಲ್ಕು ಮಾತುಗಳನ್ನು ಬರೆಯುವೆವು.

ಮನೆ ಕಟ್ಟುವ ವ್ಯಾಪಾರದ ಭರದಿಂದ ಸಿರಿವಂತವಾಗಿದ್ದ ಆ ದೇಶವು ೨೦೦೮ರಲ್ಲಿ ಕುಸಿಯಿತು. ಬ್ಯಾಂಕುಗಳು ಕೊಟ್ಟಿದ್ದ ಸಾಲಗಳು ಮುಳುಗಿದುವು. ಸೆಪ್ಟೆಂಬರ್ ಕೊನೆಯಲ್ಲಿ ಸರ್ಕಾರದವರು ಅವುಗಳ ಋಣಕ್ಕೆ ತಾವೇ ಹೊಣೆಯಾಗಿ ನಿಂತರು. ೨೦೧೦ರ ನವೆಂಬರಿನಲ್ಲಿ ಯೂರೋಪಿನ ಒಕ್ಕೂಟದ ಮತ್ತು ಅಂತರರಾಷ್ಟ್ರೀಯ ಹಣಕಾಸು ನಿಧಿಯ ನೆರವನ್ನು ಬೇಡಬೇಕಾಯಿತು. ೨೦೧೨ರ ವೇಳೆಗೆ ದುಡಿಯಬಯಸುವ ನೂರು ಮಂದಿಯಲ್ಲಿ ಸುಮಾರು ೧೫ ಮಂದಿಗೆ ಕೆಲಸವಿರಲಿಲ್ಲ.

ವೆಚ್ಚವನ್ನು ತಗ್ಗಿಸುವುದು ಅನಿವಾರ್ಯವಾಯಿತು. ಎಪ್ಪತ್ತು ವರ್ಷ ದಾಟಿದವರೆಲ್ಲರಿಗೂ ೨೦೦೧ರಿಂದ ಉಚಿತ ವೈದ್ಯಸಹಾಯದ ಚೀಟಿಯು ದೊರೆಯುತ್ತಿದ್ದಿತು. ೨೦೦೮ರ ಅಕ್ಟೋಬರಿನಲ್ಲಿ ಅದಕ್ಕೆ ಆದಾಯದ ಮಿತಿಯನ್ನು ಇಡಹೊರಟಾಗ ದೇಶವೆಲ್ಲ ಕೆರಳಿತು. ಸಾವಿರಾರು ವೃದ್ಧರು ಡಬ್ಲಿನ್ನಿನ ಶಾಸನಸಭೆಯ ಮುಂದೆ ನೆರೆದರು. ಸರ್ಕಾರದವರು ಮಿತಿಯನ್ನು ಏರಿಸಿ ಬಹುಮಂದಿಗೆ ಚೀಟಿಯನ್ನು ಉಳಿಸಿಕೊಟ್ಟರು. ವೃದ್ಧಾಪ್ಯವೇತನದ ಪೂರ್ಣದರವು ವಾರಕ್ಕೆ ೨೩೦ ಯೂರೋಗಳಿಗೆ ತುಸು ಮೇಲಿದ್ದು, ಆ ಕಷ್ಟದ ವರ್ಷಗಳಲ್ಲಿ ಕಡಿಮೆಯಾಗಲಿಲ್ಲ. ಇದು ಯೋಗ್ಯವೇ ಸರಿ.

ಆದರೆ ಮಕ್ಕಳ ಪಾಲೇನಾಯಿತು? ಸಾಮಾನ್ಯವಾಗಿ ತಾಯಿಯ ಕೈಗೆ ಸೇರುವ ಮಕ್ಕಳ ಭತ್ಯವು ಮೊದಲ ಮಗುವಿಗೆ ೨೦೦೯ರಲ್ಲಿ ತಿಂಗಳಿಗೆ ೧೬೬ ಯೂರೋ ಇದ್ದಿತು. ಅದು ೨೦೧೦ರಲ್ಲಿ ೧೫೦, ೨೦೧೧ರಲ್ಲಿ ೧೪೦, ೨೦೧೩ರಲ್ಲಿ ೧೩೦ ಆಯಿತು. ಕೆಲಸವಿಲ್ಲದ ಎಳೆಯ ತರುಣರಲ್ಲಿ ಹೊಸದಾಗಿ ಅರ್ಜಿ ಹಾಕಿದವರಿಗೆ ವಾರಕ್ಕೆ ೧೦೦ ಯೂರೋ ಎಂದು ಗೊತ್ತುಮಾಡಿದರು. ೨೦೧೪ರಲ್ಲಿ ಈ ಕಟ್ಟಳೆಯು ೨೪ ವಯಸ್ಸಿನವರ ವರೆಗೂ ವ್ಯಾಪಿಸಿತು. ಅನೇಕ ತರುಣರು ತಾಯ್ನೆಲವನ್ನು ಬಿಟ್ಟು ಆಸ್ಟ್ರೇಲಿಯ, ಕೆನಡಗಳಿಗೆ ತೆರಳಿದರು. ತೊಟ್ಟಿಲ ಮಗುವು ಶಾಸನಸಭೆಯ ಬಾಗಿಲಿಗೆ ಬರಲಾರದು. ಊರು ಬಿಟ್ಟವನ ಕೂಗು ಅಲ್ಲಿಗೆ ಕೇಳಿಸದು.

ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಎಳೆಯ ಮಕ್ಕಳಿಗಾಗಿ ಕೊಡುತ್ತಿದ್ದ ಬೇರೊಂದು ಹಣವನ್ನು ನಿಲ್ಲಿಸಿ, ಆ ಉಳಿತಾಯದ ಒಂದಂಶದಿಂದ ೨೦೧೦ರ ಜನವರಿಯಲ್ಲಿ ಶಾಲೆಗೆ ಸೇರುವ ಮುನ್ನಿನ ಒಂದು ವರ್ಷದ ಉಚಿತ ಶಿಶುಶಿಕ್ಷಣವನ್ನು ಆರಂಭಿಸಿದರು. ದಿನಕ್ಕೆ ಮೂರು ಗಂಟೆಗಳ ಆ ಪಾಠವು ಬಡವರ ಕೂಸಿಗೂ ಧನಿಕರ ಕೂಸಿಗೂ ಒಂದೇ ಆಗಿದ್ದಿತು. ಕಷ್ಟಕಾಲವು ಕಳೆದ ಮೇಲೂ ಅದು ನಿಂತು, ಎರಡು ವರ್ಷಗಳಿಗೆ ಬೆಳೆಯಿತು. ಮಾತನಾಡಲಾರದವರನ್ನು ನೆನೆದು ಮಾಡಿದ ವೆಚ್ಚವು ಕೊರತೆಯ ದಿನಗಳಲ್ಲಿಯೂ ಸಾಧ್ಯವೆಂಬುದಕ್ಕೆ ಇದೇ ಸಾಕ್ಷಿ.

ಸಂಸಾರದಲ್ಲಿಯೂ ಕೈ ಬಿಗಿಹಿಡಿಯಬೇಕಾದ ದಿನಗಳು ಬರುವುವು. ಗಟ್ಟಿಯಾಗಿ ಕೇಳುವವರ ಎಲೆಗೆ ಮೊದಲು ಬಡಿಸಿ, ಸುಮ್ಮನೆ ಕುಳಿತವರ ಎಲೆಗೆ ಉಳಿದುದನ್ನು ಹಾಕುವುದು ಸುಲಭ. ಸೌಟನ್ನು ಹಿಡಿದವರು ಪಂಕ್ತಿಯ ಕೊನೆಯವರೆಗೂ ಒಮ್ಮೆ ಕಣ್ಣು ಹಾಯಿಸಿ, ಯಾರು ಏನನ್ನೂ ಕೇಳದೆ ಕುಳಿತಿರುವರೆಂಬುದನ್ನು ನೋಡಿಕೊಂಡು ಬಡಿಸಬೇಕು. ಅರಮನೆಗೂ ಅಡಿಗೆಮನೆಗೂ ಈ ಧರ್ಮವು ಒಂದೇ ಎಂದು ನಾವು ತಿಳಿದಿರುವೆವು.