ಮೋಟಾರು ಕೊಟ್ಟವರು ಬಿಡಿಭಾಗ ಏಕೆ ಕೊಡುವುದಿಲ್ಲ?

ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ಒಂದು ರಬ್ಬರು ಚಕ್ರಕ್ಕಾಗಿ ನಾಲ್ಕು ಮನೆಗಳ ಒಲೆ ಹನ್ನೊಂದು ದಿನ ತಣ್ಣಗಿದ್ದ ಕಥೆಯನ್ನು ವಾಚಕರ ಮುಂದಿಡುತ್ತೇವೆ. ಕಥೆ ಎಂದೆವು; ಆದರೆ ಇದು ನಾವು ಕಣ್ಣಾರೆ ಕಂಡದ್ದು.

ಕಳೆದ ಮಳೆಗಾಲದಲ್ಲಿ ಪಕ್ಷದ ಕೆಲಸದ ಮೇಲೆ ನಮ್ಮ ಕರಾವಳಿಯ ಒಂದು ಸಣ್ಣ ಬಂದರಿಗೆ ಹೋಗಿದ್ದೆವು. ಅಂದು ಗಾಳಿ ಇಳಿದಿತ್ತು. ಬೇರೆ ನಾಡದೋಣಿಗಳು ಅಳಿವೆ ದಾಟಿ ಹೋಗಿದ್ದವು. ಒಂದು ದೋಣಿ ಮಾತ್ರ ದಡದ ಮೇಲಿತ್ತು. ಅದರ ತಾಂಡೇಲರು ಬಲೆ ಹೊಲಿಯುತ್ತ ಕುಳಿತಿದ್ದರು. "ಏನಣ್ಣಾ, ಕಡಲಿಗೆ ಹೋಗಲಿಲ್ಲವೇ?" ಎಂದು ಕೇಳಿದೆವು. "ಎಂತ ಹೋಗೂದು ಮಾಸ್ತರ್ರೇ, ಇಂಜಿನಿಗೆ ನೀರು ಎಳೆಯೋ ರಬ್ಬರು ಹರಿದುಹೋಯ್ತು. ಪೇಟೆಯಲ್ಲಿ ಇಲ್ಲ. ನಾಳೆ ಬರ್ತದೆ, ನಾಡಿದ್ದು ಬರ್ತದೆ ಅಂತಾರೆ" ಎಂದರು. ಆ ನಾಳೆ ಬಂದದ್ದು ಹನ್ನೊಂದನೆಯ ದಿನ.

ಈ ಯಂತ್ರವನ್ನು ಕಾಣದ ವಾಚಕರಿಗಾಗಿ ಎರಡು ಮಾತು. ನಾಡದೋಣಿಯ ಹಿಂಬದಿಗೆ ತೂಗುಹಾಕುವ ಔಟ್‌ಬೋರ್ಡ್ ಮೋಟಾರು ಬಹುಮಟ್ಟಿಗೆ ಎರಡು ಸ್ಟ್ರೋಕಿನದು. ಪೆಟ್ರೋಲಿನಲ್ಲಿ ಚಾಲೂ ಮಾಡಿ, ಕಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವ ಮೋಟಾರುಗಳೇ ನಮ್ಮಲ್ಲಿ ಬಹಳ ಕಾಲ ಓಡಿವೆ. ಇದರ ರಚನೆ ಸರಳ, ತೂಕ ಕಡಿಮೆ. ಇಬ್ಬರು ಹೊತ್ತು ಮನೆಗೆ ಒಯ್ಯಬಹುದು. ಕೆಳಗಿನ ರಬ್ಬರು ಚಕ್ರ ಕಡಲ ನೀರನ್ನೆಳೆದು ಯಂತ್ರವನ್ನು ತಂಪಾಗಿಡುತ್ತದೆ. ತೆಳ್ಳಗೆ ಚಿಮ್ಮುವ ಒಂದು ನೀರಿನ ಎಳೆಯೇ ಅದು ಸರಿಯಾಗಿದೆ ಎಂಬುದಕ್ಕೆ ಸಾಕ್ಷಿ. ಆ ಎಳೆ ನಿಂತಿತೋ, ಸ್ವಲ್ಪ ಹೊತ್ತಿನಲ್ಲೇ ಪಿಸ್ಟನ್ನು ಕಚ್ಚಿಕೊಳ್ಳುತ್ತದೆ. ತೆರೆ ಒಡೆಯುವ ಅಳಿವೆಯಲ್ಲಿ ಹೀಗಾದರೆ ದೋಣಿ ತೆರೆಗೆ ಅಡ್ಡ ತಿರುಗಿ ಮಗುಚುತ್ತದೆ. ಅಲ್ಲಿ ಹೋಗುವುದು ಮೀನಲ್ಲ, ಜೀವ.

ನಾವು ಕೆಲವು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವರು. ಒಂದು ಲೆಕ್ಕ ಮಾಡೋಣ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ಮೋಟಾರಿನ ನಾಡದೋಣಿಗೆ ಇದರಿಂದ ವಿನಾಯಿತಿ ಉಂಟು. ದೊಡ್ಡ ಟ್ರಾಲರುಗಳು ದಕ್ಕೆಯಲ್ಲಿ ಕಟ್ಟಿಕೊಂಡಿರುವ ಈ ಎರಡು ತಿಂಗಳು ಮಾತ್ರ ಬಡ ಮೀನುಗಾರನ ಬಂಗುಡೆಗೆ, ಶೆಟ್ಲಿಗೆ ಪೇಟೆಯಲ್ಲಿ ಪೈಪೋಟಿ ಇಲ್ಲ. 61ರಲ್ಲಿ 11 ದಿನ ಹೋದರೆ ಆರರಲ್ಲೊಂದು ಪಾಲಿಗಿಂತ ಹೆಚ್ಚು ಹೋಯಿತು. ಉಳಿದ 50ರಲ್ಲಿ ಮಳೆಗಾಲದ ಕಡಲು ದೋಣಿಯನ್ನು ಒಳಗೆ ಬಿಡುವುದು ಎಷ್ಟು ದಿನ? ಒಂದು ರಬ್ಬರು ಚಕ್ರದ ನಿಜವಾದ ಬೆಲೆ ಇದು. ಅಂಗಡಿಯ ಚೀಟಿಯಲ್ಲಿ ಬರೆದದ್ದಲ್ಲ.

ಸರ್ಕಾರ ಏನು ಮಾಡಿದೆ? ನಾಡದೋಣಿಗೆ ಮೋಟಾರು ಹಾಕಿಸಿಕೊಳ್ಳಲು ಸಹಾಯಧನದ ಯೋಜನೆಗಳು ದಶಕಗಳಿಂದ ಬಂದಿವೆ. ಅದನ್ನು ನಾವು ಸ್ವಾಗತಿಸಿದ್ದೇವೆ. ಮೋಟಾರು ವಿತರಣೆಯ ದಿನ ಪೆಂಡಾಲು, ಹಾರ, ಛಾಯಾಚಿತ್ರ ಎಲ್ಲವೂ ಉಂಟು. ಆದರೆ ಪಿಸ್ಟನ್ ರಿಂಗಿಗೆ, ಆಯಿಲ್ ಸೀಲಿಗೆ, ಗ್ಯಾಸ್ಕೆಟ್ಟಿಗೆ ಯಾವ ಮಂತ್ರಿಯೂ ಪೆಂಡಾಲು ಹಾಕಿಸುವುದಿಲ್ಲ. ಮಗು ಹುಟ್ಟಿದ ದಿನ ಸಕ್ಕರೆ ಹಂಚಿ, ಮರುದಿನದಿಂದ ಹಾಲು ಬಂದುಮಾಡಿದಂತಾಯಿತು. ಭಾಗ ಸಿಗದೆ ತಾಂಡೇಲ ಸತ್ತ ಇಂಜಿನಿನ ಅಂಗವನ್ನು ಕಿತ್ತು ಬದುಕಿರುವುದಕ್ಕೆ ಕೂರಿಸುತ್ತಾನೆ. ಅಥವಾ ಎರಡು ವಾರವೂ ಬಾಳದ ನಕಲಿ ಮಾಲು ಕೊಳ್ಳುತ್ತಾನೆ. ಎರಡೂ ಆಗದಿದ್ದರೆ ಬಡ್ಡಿಗೆ ಸಾಲ ತೆಗೆಯುತ್ತಾನೆ. ಮುಂದೆ ಬರುವ ಮೀನು ಆ ಸಾಲಕೊಟ್ಟ ದಲಾಲಿಯದೇ.

"ಮೀನುಗಾರರಿಗೆ ಇಂಜಿನು ನೋಡಿಕೊಳ್ಳಲು ಬರುವುದಿಲ್ಲ" ಎಂದು ಮೇಜಿನ ಹಿಂದೆ ಕುಳಿತವರು ಹೇಳುತ್ತಾರೆ. ಇದರಲ್ಲಿ ಸ್ವಲ್ಪ ಸತ್ಯವಿದೆ. ನಮ್ಮ ಜನರ ಎದುರಿನಲ್ಲಿಯೂ ಅದನ್ನು ಹೇಳುತ್ತೇವೆ. ಕಡಲಿನಿಂದ ಬಂದ ಮೇಲೆ ಸಿಹಿನೀರಿನಲ್ಲಿ ಸ್ವಲ್ಪ ಹೊತ್ತು ಓಡಿಸಿ ಉಪ್ಪು ತೊಳೆಯಬೇಕು. ನಿಲ್ಲಿಸುವ ಮೊದಲು ಸೀಮೆಎಣ್ಣೆಯಿಂದ ಪೆಟ್ರೋಲಿಗೆ ತಿರುಗಿಸಿ, ಕಾರ್ಬುರೇಟರಿನಲ್ಲಿ ಉಳಿದ ಸೀಮೆಎಣ್ಣೆಯನ್ನು ಸುಟ್ಟು ಮುಗಿಸಬೇಕು. ಸೀಮೆಎಣ್ಣೆ ಮಸಿ ಕಟ್ಟಿಸುವುದರಿಂದ ಪ್ಲಗ್ಗನ್ನು ಆಗಾಗ ಬಿಚ್ಚಿ ಒರಸಬೇಕು. ಗೇರಿನ ಎಣ್ಣೆ ಹಾಲಿನಂತೆ ಬೆಳ್ಳಗಾದರೆ ಸೀಲು ಹರಿದು ನೀರು ಹೊಕ್ಕಿದೆ ಎಂದು ತಿಳಿಯಬೇಕು. ಎರಡು ಸ್ಟ್ರೋಕಿನ ಯಂತ್ರಕ್ಕೆ ಬೇರೆ ಎಣ್ಣೆಯ ತೊಟ್ಟಿ ಇಲ್ಲ. ಇಂಧನದಲ್ಲಿ ಬೆರೆಸಿದ ಎಣ್ಣೆಯೇ ಅದರ ಉಸಿರು. ಅಳತೆಪಾತ್ರೆ ಬಿಟ್ಟು ಕಣ್ಣಂದಾಜಿನಲ್ಲಿ ಎಣ್ಣೆ ಹೊಯ್ಯುವ ರೂಢಿ ನಿಲ್ಲಬೇಕು. ರಬ್ಬರು ಚಕ್ರವನ್ನು ಹರಿಯುವವರೆಗೆ ಕಾಯದೆ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಬದಲಿಸಬೇಕು.

ಆದರೆ ಬದಲಿಸಲು ಆ ಚಕ್ರ ಅಂಗಡಿಯಲ್ಲಿರಬೇಕಲ್ಲ? ಅಳತೆ ಓದಲು ಪುಸ್ತಿಕೆ ಕನ್ನಡದಲ್ಲಿರಬೇಕಲ್ಲ? ಮೋಟಾರಿನ ಜೊತೆ ಕೊಡುವುದು ಇಂಗ್ಲಿಷ್ ಪುಸ್ತಿಕೆ. ಡಾ. ಲೋಹಿಯಾ ಇಂಗ್ಲಿಷನ್ನು ಗದ್ದುಗೆಯಿಂದ ಇಳಿಸಿರೆಂದಾಗ ನಕ್ಕವರು, ಆ ಪುಸ್ತಿಕೆಯನ್ನು ಎಳೆಮಗನ ಕೈಗೆ ಕೊಟ್ಟು "ಓದಪ್ಪಾ" ಎನ್ನುವ ತಾಂಡೇಲರ ಮನೆಗೆ ಒಮ್ಮೆ ಬರಲಿ.

ಇನ್ನು ಕೆಲವರ ವಾದ: ಎರಡು ಸ್ಟ್ರೋಕು ಹಳೆಯ ವಿದ್ಯೆ, ಹೊಗೆಯ ಯಂತ್ರ, ನಾಲ್ಕು ಸ್ಟ್ರೋಕಿಗೆ ಹೋಗಿ. ಹೊಗೆ ನಿಜ, ಹಳೆಯ ಬಗೆಯ ಯಂತ್ರದಲ್ಲಿ ಇಂಧನದ ಒಂದು ಪಾಲು ಸುಡದೆಯೇ ಹೊರಬೀಳುವುದೂ ನಿಜ. ಅಮೆರಿಕ, ಯುರೋಪುಗಳಲ್ಲಿ ಹೊಗೆಯ ನಿಯಮ ಬಿಗಿಯಾದಂತೆ ಈ ಬಗೆ ಅಲ್ಲಿನ ಪೇಟೆಯಿಂದ ಮರೆಯಾಗಿದೆ. 1909ರಲ್ಲಿ ಓಲೆ ಎವಿನ್‌ರೂಡ್ ಆರಂಭಿಸಿದ ಹೆಸರಿನ ಮೋಟಾರುಗಳ ತಯಾರಿಕೆಯನ್ನೇ ಅದರ ಒಡೆಯ ಕಂಪನಿ 2020ರಲ್ಲಿ ನಿಲ್ಲಿಸಿತು. ಪಾಠ ಇಷ್ಟೇ: ದೂರದೇಶದ ಕಾರ್ಖಾನೆ ತನ್ನ ಲಾಭ ನೋಡಿಕೊಂಡು ಬಾಗಿಲು ಹಾಕುತ್ತದೆ, ನಮ್ಮ ದಡದ ಯಂತ್ರ ತಬ್ಬಲಿಯಾಗುತ್ತದೆ. ನಾಲ್ಕು ಸ್ಟ್ರೋಕಿನದಕ್ಕೆ ವಾಲ್ವು ಉಂಟು, ಕ್ಯಾಮು ಉಂಟು, ಭಾಗಗಳು ಇನ್ನೂ ಹೆಚ್ಚು. ಸರಳ ಯಂತ್ರಕ್ಕೇ ಭಾಗ ಒದಗಿಸಲಾರದ ವ್ಯವಸ್ಥೆ ಜಟಿಲ ಯಂತ್ರಕ್ಕೆ ಒದಗಿಸೀತೇ? ಬದಲಾವಣೆ ಬರಲಿ, ಅದರ ಖರ್ಚು ಬಡವನ ಬೆನ್ನಿನ ಮೇಲೆ ಬೀಳದಿರಲಿ.

2022ರಲ್ಲಿ ಕೇಂದ್ರ ಸರ್ಕಾರ "ರಿಪೇರಿ ಹಕ್ಕಿನ" ಬಗ್ಗೆ ಸಮಿತಿ ರಚಿಸಿತು. ಕೊಂಡ ವಸ್ತುವಿನ ಭಾಗವೂ ರಿಪೇರಿಯ ತಿಳಿವಳಿಕೆಯೂ ಗ್ರಾಹಕನಿಗೆ ಸಿಗಬೇಕೆಂಬುದು ಅದರ ಆಶಯ. ಅಂದು ಗುರುತಿಸಿದ ಕ್ಷೇತ್ರಗಳು ನಾಲ್ಕು: ಕೃಷಿ ಉಪಕರಣ, ಮೊಬೈಲು ಮತ್ತು ಟ್ಯಾಬ್ಲೆಟ್ಟು, ಗೃಹಬಳಕೆಯ ವಸ್ತು, ವಾಹನ. ಟ್ರ್ಯಾಕ್ಟರು ನೆನಪಾಯಿತು, ಸಂತೋಷ. ಫ್ರಿಜ್ಜು ನೆನಪಾಯಿತು. ಖಾರ್ವಿ, ಹರಿಕಂತ್ರ, ಮೊಗವೀರರ ದೋಣಿಯ ಮೋಟಾರು ಮಾತ್ರ ದಿಲ್ಲಿಯವರಿಗೆ ನೆನಪಾಗಲಿಲ್ಲ. ಕಡಲನ್ನು ಉಳುವವನು ಉತ್ಪಾದಕನಲ್ಲವೇ?

ಆದ್ದರಿಂದ ನಾವು ಕೇಳುವುದು ಇಷ್ಟು. ಒಂದು: ಸಹಾಯಧನದಲ್ಲಿ ಮಾರುವ ಪ್ರತಿ ಮೋಟಾರಿಗೂ ಕಂಪನಿ ಕನಿಷ್ಠ ಹತ್ತು ವರ್ಷ ಬಿಡಿಭಾಗ ಒದಗಿಸುವ ಕರಾರು ಬರೆದುಕೊಡಬೇಕು. ಎರಡು: ಪ್ರತಿ ಮೀನುಗಾರಿಕೆ ಬಂದರಿನಲ್ಲಿ ಸಹಕಾರಿ ಸಂಘದ ಬಿಡಿಭಾಗ ಭಂಡಾರ ಇರಬೇಕು, ಬೆಲೆಪಟ್ಟಿ ಗೋಡೆಯ ಮೇಲಿರಬೇಕು. ಮೂರು: ಕನ್ನಡ ಪುಸ್ತಿಕೆ ಕೊಡದ ಮೋಟಾರಿಗೆ ಸರ್ಕಾರದ ಹಣ ಸಲ್ಲದು. ನಾಲ್ಕು: ಕರಾವಳಿಯ ಐಟಿಐಗಳಲ್ಲಿ ಮೀನುಗಾರರ ಮಕ್ಕಳಿಗೆ ಈ ಯಂತ್ರದ ವಿದ್ಯೆ ಕಲಿಸಬೇಕು. ಐದು: ರಿಪೇರಿ ಹಕ್ಕಿನ ಪಟ್ಟಿಗೆ ದೋಣಿಯ ಮೋಟಾರು ಸೇರಬೇಕು.

ಸರ್ಕಾರದ ಬಾಗಿಲು ಬಡಿಯುವಾಗ ನಮ್ಮ ಸಂಘಗಳ ಬಾಗಿಲನ್ನೂ ಬಡಿಯೋಣ. ಚುನಾವಣೆಗೆ ಮಾತ್ರ ಎಚ್ಚರಾಗುವ ಸಂಘ ಯಾರಿಗೆ ಬೇಕು? ಹತ್ತು ದೋಣಿಯವರು ಕೂಡಿ ಹಣ ಹಾಕಿ ಎರಡು ರಬ್ಬರು ಚಕ್ರ, ಹತ್ತು ಪ್ಲಗ್ಗು, ಒಂದು ಜೊತೆ ಸೀಲು ತಂದಿಡಲು ಯಾವ ಮಂತ್ರಿಯ ಅಪ್ಪಣೆಯೂ ಬೇಕಿಲ್ಲ. ಅಷ್ಟನ್ನು ಮೇ ತಿಂಗಳು ಮುಗಿಯುವುದರೊಳಗೆ ಮಾಡಿರಿ. ಉಳಿದದ್ದನ್ನು ಕಿತ್ತುಕೊಳ್ಳಲು ಒಟ್ಟಾಗಿ ಜಿಲ್ಲಾಧಿಕಾರಿಗಳ ಕಚೇರಿಗೆ ನಡೆಯೋಣ. ಹೋಗುವಾಗ ಹರಿದ ರಬ್ಬರು ಚಕ್ರಗಳನ್ನು ಕೈಯಲ್ಲಿ ಹಿಡಿದೇ ಹೋಗೋಣ.