ಆಟದ ನಡುವೆ ಡಿಸ್ಕ್ ನಿಲ್ಲದಿರಲಿ

ನಡುರಾತ್ರಿ ಎರಡು ಗಂಟೆಗೆ ಭಾಗವತರು ಹಾಡಿದ ಪದವನ್ನು 'ರೆಕಾರ್ಡ್ ಆಗಲಿಲ್ಲ, ಇನ್ನೊಮ್ಮೆ ಹಾಡಿ' ಎಂದು ಕೇಳುವಂತಿಲ್ಲ. ಸ್ಟುಡಿಯೊದ ಧ್ವನಿಮುದ್ರಣಕ್ಕೂ ಯಕ್ಷಗಾನ ಬಯಲಾಟದ ಧ್ವನಿಮುದ್ರಣಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ. ಲ್ಯಾಪ್‌ಟಾಪ್ ಹಿಡಿದು ಆಟ ಮುದ್ರಿಸಿಕೊಳ್ಳಲು ಹೊರಟವರು ಮೈಕಿಗೆ ಕೊಡುವಷ್ಟೇ ಗಮನವನ್ನು ಹಾರ್ಡ್ ಡಿಸ್ಕಿಗೂ ಕೊಡಬೇಕು.

ಮೊದಲು ಲೆಕ್ಕ. ಧ್ವನಿಯನ್ನು ಸೆಕೆಂಡಿಗೆ 48,000 ಸಲ ಅಳೆದು, ಒಂದೊಂದು ಅಳತೆಯನ್ನೂ 24 ಬಿಟ್, ಅಂದರೆ 3 ಬೈಟುಗಳಲ್ಲಿ ಬರೆದಿಟ್ಟರೆ, ಎಡ-ಬಲ ಎರಡು ಚಾನೆಲ್‌ಗಳಿಗೆ ಸೆಕೆಂಡಿಗೆ 2,88,000 ಬೈಟುಗಳಾಗುತ್ತವೆ. ಎಂಟು ಗಂಟೆಯ ಆಟಕ್ಕೆ ಸುಮಾರು 8.3 ಗಿಗಾಬೈಟ್. ಇಷ್ಟು ಜಾಗ ಹೊಂದಿಸುವುದು ಕಷ್ಟವಲ್ಲ. ಡಿಸ್ಕ್ ಎಡೆಬಿಡದೆ ಬರೆಯುತ್ತಿರಬೇಕು, ಕಷ್ಟ ಇರುವುದು ಅಲ್ಲಿ.

ತರಗತಿಯ ಉಕ್ತಲೇಖನವನ್ನು ನೆನೆಯಿರಿ. ಖಾಲಿ ಹಾಳೆ ಇಟ್ಟುಕೊಂಡ ಹುಡುಗ ಸರಸರನೆ ಬರೆಯುತ್ತಾನೆ. ತುಂಬಿದ ಪುಸ್ತಕದಲ್ಲಿ ಅಲ್ಲೊಂದು ಇಲ್ಲೊಂದು ಖಾಲಿ ಸಾಲು ಹುಡುಕುವವನಿಗೆ ಮೇಷ್ಟ್ರ ಮಾತು ತಪ್ಪಿಹೋಗುತ್ತದೆ. ಡಿಸ್ಕಿನ ಕಥೆಯೂ ಅದೇ. ನಿಮಿಷಕ್ಕೆ 5,400 ಸುತ್ತು ತಿರುಗುವ ಡಿಸ್ಕಿಗೆ ಒಂದು ಸುತ್ತಿಗೆ 11 ಮಿಲಿಸೆಕೆಂಡ್ ಬೇಕು. ಬೇರೆ ಜಾಗಕ್ಕೆ ಹಾರಿದಾಗಲೆಲ್ಲ ಅದರ ಮುಳ್ಳು ಸರಿಯಬೇಕು, ಮೇಲೆ ಸರಾಸರಿ ಅರ್ಧ ಸುತ್ತು ಕಾಯಬೇಕು. ಅಷ್ಟು ಹೊತ್ತು ಧ್ವನಿಯನ್ನು ಬಫರ್ ಎಂಬ ತಾತ್ಕಾಲಿಕ ಸ್ಮೃತಿ ಹಿಡಿದಿಡುತ್ತದೆ. ಆದರೆ ಅದೇ ಗಳಿಗೆಯಲ್ಲಿ ಆಂಟಿವೈರಸ್ಸೂ ಡಿಸ್ಕನ್ನು ಜಾಲಾಡತೊಡಗಿದರೆ ಬಫರ್ ತುಂಬಿ, ಹಾಡಿನ ನಡುವೆ 'ಟಿಕ್' ಎಂಬ ಕಡಿತ ಉಳಿಯುತ್ತದೆ.

ಆದ್ದರಿಂದ ಮುದ್ರಣಕ್ಕೆಂದೇ ಬೇರೆ, ಖಾಲಿ ಡಿಸ್ಕ್ ಇರಲಿ. ಅಂದು ರಾತ್ರಿ ಇಂಟರ್‌ನೆಟ್ ಬೇಡ. ವೈರಸ್ ತಪಾಸಣೆ, ತಂತ್ರಾಂಶದ ಅಪ್‌ಡೇಟ್ ಯಾವುದೂ ಬೇಡ. ಲ್ಯಾಪ್‌ಟಾಪ್ ನಿದ್ದೆಗೆ ಜಾರುವ ಮತ್ತು ಡಿಸ್ಕ್ ತಾನಾಗಿ ನಿಲ್ಲುವ ವ್ಯವಸ್ಥೆಗಳನ್ನು 'ನೆವರ್' ಎಂದು ಬದಲಿಸಿ. ತಿರುಗುವ ಭಾಗಗಳೇ ಇಲ್ಲದ ಎಸ್‌ಎಸ್‌ಡಿ ಇದ್ದರೆ ಹುಡುಕಾಟದ ತೊಂದರೆಯಿಲ್ಲ. ಆದರೂ ಅದನ್ನು ಕಂಠಪೂರ್ತಿ ತುಂಬಬೇಡಿ.

ಇನ್ನೊಂದು ಗುಪ್ತ ಗೋಡೆಯಿದೆ. ಸಾಮಾನ್ಯ ವೇವ್ ಕಡತ ತನ್ನ ಗಾತ್ರವನ್ನು 32 ಬಿಟ್ಟಿನ ಸಂಖ್ಯೆಯಲ್ಲಿ ಬರೆದುಕೊಳ್ಳುತ್ತದೆ. ಹಾಗಾಗಿ ಅದು 429 ಕೋಟಿ ಬೈಟುಗಳನ್ನು ದಾಟಿ ಬೆಳೆಯಲಾರದು. ಫ್ಯಾಟ್-32 ವಿಧಾನದ ಡಿಸ್ಕಿನಲ್ಲೂ ಒಂದು ಕಡತಕ್ಕೆ ಇದೇ ಮಿತಿ. ನಮ್ಮ ಲೆಕ್ಕದಲ್ಲಿ ಇದು 4 ಗಂಟೆ 8 ನಿಮಿಷ. ರಾತ್ರಿ 10ಕ್ಕೆ ಚೆಂಡೆ ಶುರುವಾದರೆ 2 ಗಂಟೆ 8 ನಿಮಿಷಕ್ಕೆ, ಪ್ರಸಂಗ ಕಾವೇರಿದ ಹೊತ್ತಿಗೆ, ಕಡತ ಭರ್ತಿ! ಡಿಸ್ಕನ್ನು ಮೊದಲೇ ಎನ್‌ಟಿಎಫ್‌ಎಸ್ ವಿಧಾನಕ್ಕೆ ಫಾರ್ಮ್ಯಾಟ್ ಮಾಡಿ (ಹಳೆಯದೆಲ್ಲ ಅಳಿಸಿಹೋಗುತ್ತದೆ, ಎಚ್ಚರ). ಗಂಟೆಗೊಂದು ಹೊಸ ಕಡತ ಆರಂಭಿಸುವಂತೆ ತಂತ್ರಾಂಶಕ್ಕೆ ಹೇಳಿ.

ಕೊನೆಯದು ಚೆಂಡೆಯ ವಿಚಾರ. 2008ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ನ ಎಂಜಿನಿಯರ್ ಬ್ರೆಂಡನ್ ಗ್ರೆಗ್ ಡಿಸ್ಕುಗಳ ಮುಂದೆ ನಿಂತು ಜೋರಾಗಿ ಕೂಗಿದರು. ಕೂಗಿನ ಕಂಪನಕ್ಕೆ ಡಿಸ್ಕುಗಳ ಕೆಲಸ ನಿಧಾನವಾದದ್ದು ಪರದೆಯ ಮೇಲೆ ಕಂಡಿತು. ಮನುಷ್ಯನ ಗಂಟಲಿಗೇ ಹೀಗಾದರೆ ಧ್ವನಿವರ್ಧಕದ ಪೆಟ್ಟಿಗೆಯ ಮೇಲಿಟ್ಟ ಲ್ಯಾಪ್‌ಟಾಪಿನ ಪಾಡೇನು? ರಂಗಸ್ಥಳದಿಂದ ದೂರ, ಪ್ರತ್ಯೇಕ ಮೇಜಿನ ಮೇಲೆ ಇಡಿ.

ಹಿಂದಿನ ರಾತ್ರಿ ಮನೆಯಲ್ಲಿ ರೇಡಿಯೊ ಹಚ್ಚಿ, ಐದು ಗಂಟೆ ಮುದ್ರಿಸಿ ಪರೀಕ್ಷಿಸಿ. ಆಟ ಮುಗಿದ ಬೆಳಿಗ್ಗೆ, ಮೈಕ್ ಬಿಚ್ಚುವ ಮೊದಲೇ ಇನ್ನೊಂದು ಡಿಸ್ಕಿಗೆ ಪ್ರತಿ ತೆಗೆಯಿರಿ. ನಿದ್ದೆ ಆಮೇಲೆ.