ಪುಸ್ತಕವೂ ಗೈಡೂ

ಪರೀಕ್ಷೆ ಹತ್ತಿರ ಬಂತೆಂದರೆ ಮನೆ ಮನೆಯಲ್ಲೂ ಒಂದು ಹಳೆಯ ಜಗಳ ಶುರುವಾಗುತ್ತದೆ. ಮಗನ ಕೈಯಲ್ಲಿ ಗೈಡು, ಪಠ್ಯಪುಸ್ತಕ ಮೂಲೆಯಲ್ಲಿ. ‘ಮೊದಲು ಪುಸ್ತಕ ಓದೋ’ ಎಂದು ಅಪ್ಪ. ‘ಪುಸ್ತಕ ಓದಿದರೆ ಅರ್ಥವಾಗೋದಿಲ್ಲಪ್ಪ, ಗೈಡಿನಲ್ಲಿ ಎಲ್ಲ ಬಿಡಿಸಿ ಹೇಳಿದ್ದಾರೆ’ ಎಂದು ಮಗ. ಇಬ್ಬರ ಮಾತಿನಲ್ಲೂ ಸತ್ಯವಿದೆ. ಪುಸ್ತಕವನ್ನು ತೆರೆಯದೆ ಗೈಡನ್ನೇ ಉರು ಹೊಡೆದವನಿಗೆ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೆ ಬಾಯಿ ಕಟ್ಟುತ್ತದೆ. ಪುಸ್ತಕವನ್ನೇ ಹಿಡಿದು ಯಾರನ್ನೂ ಕೇಳದೆ ಕುಳಿತವನು ಎಷ್ಟೋ ಸಲ ತಪ್ಪನ್ನೇ ಸರಿಯೆಂದು ನಂಬಿ ಪರೀಕ್ಷೆಗೆ ಹೋಗುತ್ತಾನೆ.

ಈ ಜಗಳ ಶಾಲೆಯ ಪುಸ್ತಕಗಳಿಗಷ್ಟೇ ಸೀಮಿತವಲ್ಲ. ಕ್ರೈಸ್ತರ ಮನೆಗಳಲ್ಲಿ ಬೈಬಲ್ ವಿಷಯದಲ್ಲೂ ಇದೇ ಪ್ರಶ್ನೆ ಏಳುತ್ತದೆ. ಸಾಮಾನ್ಯ ಭಕ್ತನೊಬ್ಬ ಯಾರ ನೆರವೂ ಇಲ್ಲದೆ ಬೈಬಲನ್ನು ಓದಿ ತಿಳಿದುಕೊಳ್ಳಬಲ್ಲನೇ? ಅಥವಾ ಅದಕ್ಕೊಬ್ಬ ಮಾರ್ಗದರ್ಶಿ ಬೇಕೇ ಬೇಕೆ?

ಸತ್ತೇಗಾಲದ ಹ್ಯಾಂಡ್‌ಪೋಸ್ಟಿನಲ್ಲಿ ಕೊಳ್ಳೇಗಾಲದ ಬಸ್ಸಿಗೆ ಕಾಯುವ ಪಿಯುಸಿ ಹುಡುಗಿಯೊಬ್ಬಳನ್ನು ಕಲ್ಪಿಸಿಕೊಳ್ಳಿ. ರಾತ್ರಿ ಊಟವಾದ ಮೇಲೆ ಬೈಬಲ್ ತೆರೆದ ಆಕೆಗೆ ಲೂಕನ ಸುವಾರ್ತೆಯ 14ನೇ ಅಧ್ಯಾಯದಲ್ಲಿ ಒಂದು ಮಾತು ಸಿಗುತ್ತದೆ. ತನ್ನ ಬಳಿಗೆ ಬರುವವನು ತಂದೆತಾಯಿಯರನ್ನು ಹಗೆಮಾಡದಿದ್ದರೆ ತನ್ನ ಶಿಷ್ಯನಾಗಲಾರ ಎಂಬ ಅರ್ಥದ ಯೇಸುವಿನ ಮಾತು ಅದು. ಹುಡುಗಿ ಗಾಬರಿಯಾಗಿ ಅಪ್ಪನನ್ನು ಕೇಳುತ್ತಾಳೆ. ಅಪ್ಪ, ‘ಅದೆಲ್ಲ ಈಗ ನಿನಗ್ಯಾಕವ್ವ? ಭಾನುವಾರ ಫಾದರನ್ನ ಕೇಳಿದರಾಯಿತು, ಪುಸ್ತಕ ಮುಚ್ಚಿಡು’ ಎನ್ನುತ್ತಾನೆ. ಬೇರೊಂದು ಪ್ರಾರ್ಥನಾ ಕೂಟಕ್ಕೆ ಹೋಗುವ ಚಿಕ್ಕಪ್ಪನ ಮಾತು ಇದಕ್ಕೆ ತದ್ವಿರುದ್ಧ: ‘ಯಾರನ್ನೂ ಕೇಳಬೇಡ ಮಗಳೇ, ಪ್ರಾರ್ಥನೆ ಮಾಡಿ ಓದು, ತಾನೇ ತಿಳಿಯುತ್ತೆ.’

ಹುಡುಗಿ ಯಾರ ಮಾತು ಕೇಳಬೇಕು?

ಈ ಪ್ರಶ್ನೆ ಇಂದಿನದಲ್ಲ. ಸತ್ತೇಗಾಲದ ಮಗ್ಗುಲಲ್ಲಿ ಹರಿಯುವ ಕಾವೇರಿಯನ್ನೇ ಹಿಡಿದು ಮೇಲಕ್ಕೆ ಹೋದರೆ ಶ್ರೀರಂಗಪಟ್ಟಣ ಸಿಗುತ್ತದೆ. 1799ರಲ್ಲಿ ಟಿಪ್ಪು ಸುಲ್ತಾನ ಮಡಿದ ನಂತರ, ಚದುರಿಹೋಗಿದ್ದ ಅಲ್ಲಿನ ಕ್ರೈಸ್ತರನ್ನು ಒಟ್ಟುಗೂಡಿಸಲು ಬಂದವರು ಫ್ರಾನ್ಸಿನ ಪಾದ್ರಿ ಅಬೆ ದ್ಯೂಬಾ. ಈ ನಾಡಿನ ಉಡುಪು ತೊಟ್ಟು, ಇಲ್ಲಿನ ರೀತಿನೀತಿಗಳಿಗೆ ಒಗ್ಗಿಕೊಂಡು ಬದುಕಿದ ಅವರನ್ನು ಜನ ‘ದೊಡ್ಡ ಸ್ವಾಮಿಯವರು’ ಎಂದು ಕರೆಯುತ್ತಿದ್ದರು. ಹಿಂದೂಗಳ ಆಚಾರ ವಿಚಾರಗಳನ್ನು ಕುರಿತು ಅವರ ಹೆಸರಿನಲ್ಲಿ 1816ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ಗ್ರಂಥ ಪ್ರಸಿದ್ಧವಾದದ್ದು. 1792ರಿಂದ 1823ರವರೆಗೆ, ಮೂವತ್ತೊಂದು ವರ್ಷ ಅವರು ಭಾರತದಲ್ಲಿದ್ದರು.

ಅದೇ ಕಾಲಕ್ಕೆ ಬಳ್ಳಾರಿಯಲ್ಲಿ ಮತ್ತೊಬ್ಬರು ಬೇರೆಯೇ ಕೆಲಸಕ್ಕೆ ಕೈಹಾಕಿದ್ದರು. 1810ರಲ್ಲಿ ಅಲ್ಲಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕನ್ನಡ ಕಲಿತು ಬೈಬಲನ್ನು ಕನ್ನಡಕ್ಕೆ ತರತೊಡಗಿದರು. 1830ರ ದಶಕದ ಆರಂಭದ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು. ಜನರ ಭಾಷೆಯಲ್ಲಿ ಗ್ರಂಥ ಜನರ ಕೈಸೇರಬೇಕು ಎಂಬುದು ಪ್ರೊಟೆಸ್ಟೆಂಟರ ನಿಲುವು.

ದ್ಯೂಬಾ ಇದನ್ನು ಒಪ್ಪಲಿಲ್ಲ. 1823ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ತಮ್ಮ ಪತ್ರಗಳ ಸಂಗ್ರಹದಲ್ಲಿ ಅವರು ದೇಶಭಾಷೆಗಳ ಭಾಷಾಂತರಗಳನ್ನು ಕಟುವಾಗಿ ಟೀಕಿಸಿದರು. ಹಿನ್ನೆಲೆ ತಿಳಿಯದವರ ಕೈಗೆ ಬರಿಯ ಗ್ರಂಥ ಕೊಟ್ಟರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು ಎಂಬುದು ಅವರ ವಾದ. ಅದಕ್ಕೆ ಅವರು ತಮ್ಮ ಅನುಭವವನ್ನೇ ಹೇಳಿದ್ದಾರೆ. ಒಮ್ಮೆ ಅವರು ನಾನಾ ಜಾತಿಯವರು ಸೇರಿದ್ದ ಸಭೆಯಲ್ಲಿ ದಾರಿತಪ್ಪಿದ ಮಗನ ಸಾಮತಿಯನ್ನು ವಿವರಿಸುತ್ತಿದ್ದರು. ಮಗ ಮರಳಿ ಬಂದ ಸಂತೋಷಕ್ಕೆ ತಂದೆ ಕೊಬ್ಬಿದ ಕರುವನ್ನು ಕೊಯ್ಯಿಸಿದ ಎಂದು ಕಥೆಯಲ್ಲಿ ಬರುತ್ತದೆ. ಸಭೆ ಮುಗಿದ ಮೇಲೆ ಅವರ ಒಳ್ಳೆಯ ಶಿಷ್ಯರೇ ಬಂದು, ಕರುವಿನ ಮಾತು ಎತ್ತಬಾರದಿತ್ತು, ಇನ್ನು ಮುಂದೆ ಈ ಕಥೆ ಹೇಳುವಾಗ ಕುರಿಮರಿ ಎನ್ನಿ ಎಂದು ಸಲಹೆ ಕೊಟ್ಟರಂತೆ! ಯೆಹೂದ್ಯರ ನಾಡಿನಲ್ಲಿ ತಂದೆಯ ಪ್ರೀತಿಯ ಗುರುತಾಗಿದ್ದ ಮಾತು ಕಾವೇರಿ ತೀರದಲ್ಲಿ ಕಿವಿ ಮುಚ್ಚಿಕೊಳ್ಳುವ ಮಾತಾಗಿತ್ತು.

ಅವರ ಪುಸ್ತಕಕ್ಕೆ 1824ರಲ್ಲೇ ಉತ್ತರ ಬಂತು. ದಕ್ಷಿಣ ಭಾರತದಲ್ಲಿ ಪಾದ್ರಿಯಾಗಿದ್ದ ಜೇಮ್ಸ್ ಹಫ್ ಇಡೀ ಒಂದು ಗ್ರಂಥವನ್ನೇ ಬರೆದು ದ್ಯೂಬಾ ಅವರ ವಾದವನ್ನು ಎದುರಿಸಿದರು.

ಈ ವಾದಕ್ಕೆ ಯೂರೋಪಿನಲ್ಲಿ ಇನ್ನೂ ಆಳವಾದ ಬೇರುಗಳಿದ್ದವು. ಮಾರ್ಟಿನ್ ಲೂಥರ್ 1522ರಲ್ಲಿ ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಂದು ಜನರ ಕೈಗಿತ್ತರು. ಏಳೇ ವರ್ಷಗಳಲ್ಲಿ, 1529ರಲ್ಲಿ, ಮಾರ್‌ಬುರ್ಗ್ ಎಂಬಲ್ಲಿ ಲೂಥರ್ ಮತ್ತು ಸ್ವಿಟ್ಜರ್‌ಲೆಂಡಿನ ಸುಧಾರಕ ಜ್ವಿಂಗ್ಲಿ ಎದುರುಬದುರು ಕುಳಿತರು. ಇಬ್ಬರೂ ಘನ ವಿದ್ವಾಂಸರು. ಗ್ರಂಥವೇ ಪ್ರಮಾಣವೆಂದು ನಂಬಿದವರು. ಆದರೂ ಕೊನೆಯ ಭೋಜನದಲ್ಲಿ ಯೇಸು ರೊಟ್ಟಿಯನ್ನು ತನ್ನ ದೇಹವೆಂದ ಒಂದೇ ಒಂದು ಚಿಕ್ಕ ವಾಕ್ಯದ ಅರ್ಥದ ಬಗ್ಗೆ ಅವರಿಗೆ ಒಮ್ಮತ ಬರಲಿಲ್ಲ. 1546ರಲ್ಲಿ ಕ್ಯಾಥೊಲಿಕರ ಟ್ರೆಂಟ್ ಮಹಾಸಭೆ, ಯಾರೂ ಸ್ವಂತ ಬುದ್ಧಿಯನ್ನೇ ನೆಚ್ಚಿ ಧರ್ಮಸಭೆಯ ಅರ್ಥಕ್ಕೆ ವಿರುದ್ಧವಾಗಿ ಗ್ರಂಥವನ್ನು ತಿರುಚಬಾರದು ಎಂದು ವಿಧಿಸಿತು.

ಹಾಗಾದರೆ ಮಾರ್ಗದರ್ಶಿಯನ್ನೇ ನಂಬಿ ನಿಶ್ಚಿಂತೆಯಿಂದ ಇರಬಹುದೇ? ಇತಿಹಾಸ ಅದಕ್ಕೂ ಎಚ್ಚರಿಕೆ ಕೊಡುತ್ತದೆ. 1807ರಲ್ಲಿ ಲಂಡನ್ನಿನಲ್ಲಿ ಒಂದು ವಿಚಿತ್ರ ಬೈಬಲ್ ಅಚ್ಚಾಯಿತು. ವೆಸ್ಟ್ ಇಂಡೀಸಿನ ಬ್ರಿಟಿಷ್ ದ್ವೀಪಗಳಲ್ಲಿದ್ದ ಕರಿಯ ಗುಲಾಮರಿಗೆಂದೇ ಆಯ್ದ ಭಾಗಗಳ ಪುಸ್ತಕ ಅದು. ಇಸ್ರಾಯೇಲರು ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾಗಿ ಹೊರಟ ಕಥೆಯನ್ನು ಅದರಿಂದ ತೆಗೆದುಹಾಕಲಾಗಿತ್ತು. ದಾಸರು ಒಡೆಯರಿಗೆ ವಿಧೇಯರಾಗಿರಬೇಕೆಂಬ ಮಾತುಗಳನ್ನು ಉಳಿಸಿಕೊಳ್ಳಲಾಗಿತ್ತು. ಮಾರ್ಗದರ್ಶಿ ಪುಟಗಳನ್ನೇ ಹರಿದುಹಾಕಿದಾಗ ಓದುಗನ ಗತಿ ಏನು? ಪೂರ್ತಿ ಪುಸ್ತಕವನ್ನು ಸ್ವತಃ ಓದಬಲ್ಲವನಿಗೆ ಮಾತ್ರ ಆ ಮೋಸ ತಿಳಿದೀತು.

ಇನ್ನೊಂದು ಬದಿಯ ಉದಾಹರಣೆಯೂ ಇದೆ. ಅಮೆರಿಕದ ವಿಲಿಯಂ ಮಿಲ್ಲರ್ ಒಬ್ಬ ರೈತ, ಪ್ರಾಮಾಣಿಕ ಮನುಷ್ಯ. ವರ್ಷಗಟ್ಟಲೆ ಬೈಬಲನ್ನು ತಾನೇ ಓದಿ, ದಾನಿಯೇಲನ ಗ್ರಂಥದ ಸಂಖ್ಯೆಗಳನ್ನು ಕೂಡಿ ಕಳೆದು, ಕ್ರಿಸ್ತನ ಮರಳುವಿಕೆ 1843ರ ಸುಮಾರಿಗೆ ಎಂದು ಲೆಕ್ಕ ಹಾಕಿದ. ಅವನ ಅನುಯಾಯಿಗಳು ಕೊನೆಗೆ 1844ರ ಅಕ್ಟೋಬರ್ 22 ಎಂದು ದಿನವನ್ನೇ ಗೊತ್ತುಮಾಡಿದರು. ಹೊಲದ ಬೆಳೆಯನ್ನು ಕೊಯ್ಯದೆ ಬಿಟ್ಟು ಕಾದವರೂ ಇದ್ದರು. ಆ ದಿನ ಬಂತು, ಹೋಯಿತು. ಮಿಲ್ಲರನ ಶ್ರದ್ಧೆಯಲ್ಲಿ ಕೊರತೆ ಇರಲಿಲ್ಲ. ಆದರೆ ಪ್ರಾಮಾಣಿಕವಾಗಿ ಓದಿದ ಮಾತ್ರಕ್ಕೆ ಅರ್ಥ ಸರಿಯಾಗಿರಲೇಬೇಕೆಂಬ ನಿಯಮವಿಲ್ಲ.

ಬೈಬಲ್ ಸ್ವತಃ ಈ ಬಗ್ಗೆ ಏನು ಹೇಳುತ್ತದೆ? ಆದಿ ಕ್ರೈಸ್ತರ ಚರಿತ್ರೆ ಹೇಳುವ ಗ್ರಂಥದ 8ನೇ ಅಧ್ಯಾಯದಲ್ಲಿ ಇಥಿಯೋಪಿಯದ ರಾಣಿಯ ಖಜಾನೆಯ ಅಧಿಕಾರಿಯೊಬ್ಬ ರಥದಲ್ಲಿ ಕುಳಿತು ಯೆಶಾಯನ ಗ್ರಂಥ ಓದುತ್ತಿರುತ್ತಾನೆ. ಅರ್ಥವಾಗುತ್ತಿದೆಯೇ ಎಂದು ಫಿಲಿಪ್ಪ ಕೇಳಿದಾಗ, ಯಾರಾದರೂ ದಾರಿ ತೋರಿಸದಿದ್ದರೆ ಹೇಗೆ ಆದೀತು ಎನ್ನುತ್ತಾನೆ. ಅದೇ ಗ್ರಂಥದ 17ನೇ ಅಧ್ಯಾಯದಲ್ಲಿ ಬೆರೋಯ ಎಂಬ ಊರಿನ ಜನ ಬರುತ್ತಾರೆ. ಬೋಧಿಸಿದವನು ಪೌಲನಂಥವನೇ ಆದರೂ ಅವರು ಹೇಳಿದ್ದು ಹೌದೋ ಅಲ್ಲವೋ ಎಂದು ದಿನವೂ ಗ್ರಂಥ ತೆರೆದು ಪರಿಶೀಲಿಸಿದರು. ಅದಕ್ಕಾಗಿ ಅವರಿಗೆ ಮೆಚ್ಚುಗೆಯೇ ಸಿಕ್ಕಿತು. ಕೇಳುವುದೂ ತಪ್ಪಲ್ಲ, ಕೇಳಿದ್ದನ್ನು ಪರೀಕ್ಷಿಸುವುದೂ ತಪ್ಪಲ್ಲ.

ನಿಜ ನೋಡಿದರೆ, ಯಾರ ನೆರವೂ ಇಲ್ಲದೆ ಓದುತ್ತೇನೆ ಎನ್ನುವವನೂ ಒಂಟಿಯಾಗಿ ಓದುತ್ತಿರುವುದಿಲ್ಲ. ಹಳೆಯ ಒಡಂಬಡಿಕೆಯ ಬಹುಭಾಗ ಹೀಬ್ರೂವಿನಲ್ಲಿದೆ, ಹೊಸ ಒಡಂಬಡಿಕೆ ಗ್ರೀಕಿನಲ್ಲಿ. ಅದನ್ನು ಕನ್ನಡಕ್ಕೆ ತಂದವರು ಪದಪದಕ್ಕೂ ಅರ್ಥ ನಿಶ್ಚಯಿಸಿಯೇ ತಂದಿದ್ದಾರೆ. ಹಳೆಯ ‘ಸತ್ಯವೇದ’ದಲ್ಲಿ ‘ಯೆಹೋವ’ ಎಂದಿರುವ ಕಡೆ ಕ್ಯಾಥೊಲಿಕರು ಬಳಸುವ ಭಾಷಾಂತರದಲ್ಲಿ ‘ಸರ್ವೇಶ್ವರ’ ಎಂದಿದೆ. ಒಂದರಲ್ಲಿ 66 ಪುಸ್ತಕಗಳಾದರೆ ಇನ್ನೊಂದರಲ್ಲಿ 73. ವಾಕ್ಯಗಳ ಪಕ್ಕದ ಸಂಖ್ಯೆಗಳೂ ಮೂಲದಲ್ಲಿ ಇರಲಿಲ್ಲ; ಅಧ್ಯಾಯಗಳ ವಿಂಗಡಣೆ ಹದಿಮೂರನೇ ಶತಮಾನದ್ದು, ಹೊಸ ಒಡಂಬಡಿಕೆಯ ಈಗಿನ ವಾಕ್ಯಸಂಖ್ಯೆಗಳು 1551ರಲ್ಲಿ ಬಂದವು. ಹೀಗೆ ಪುಸ್ತಕ ತೆರೆಯುವ ಮೊದಲೇ ಹತ್ತಾರು ಮಾರ್ಗದರ್ಶಿಗಳ ಕೈ ಅದರ ಮೇಲೆ ಆಡಿರುತ್ತದೆ.

ಕನ್ನಡಿಗರಿಗೆ ಇದು ಹೊಸ ವಿಚಾರವಲ್ಲ. ಕುಮಾರವ್ಯಾಸನ ಭಾರತವನ್ನು ಒಬ್ಬರು ಗಮಕದಲ್ಲಿ ವಾಚಿಸಿದರೆ ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ವಾಚನವಿಲ್ಲದೆ ವ್ಯಾಖ್ಯಾನಕ್ಕೆ ಬೆಲೆಯಿಲ್ಲ. ವ್ಯಾಖ್ಯಾನಕಾರ ದಾರಿ ಬಿಟ್ಟರೆ ಪದ್ಯ ಬಲ್ಲ ಕೇಳುಗ ಅಲ್ಲೇ ತಡೆದು ಕೇಳುತ್ತಾನೆ.

ಕಾಲ ಕಳೆದಂತೆ ಎರಡು ಬಣಗಳೂ ಒಂದಿಷ್ಟು ಹತ್ತಿರ ಬಂದಿವೆ. ಎಲ್ಲ ಭಾಗಗಳೂ ಸಮನಾಗಿ ಸುಲಭವಲ್ಲ, ಆದರೆ ರಕ್ಷಣೆಗೆ ಬೇಕಾದದ್ದನ್ನು ಓದುಬರಹ ಕಡಿಮೆ ಇದ್ದವನೂ ತಕ್ಕ ಸಾಧನಗಳ ಮೂಲಕ ತಿಳಿಯಬಲ್ಲ ಎಂದು ಪ್ರೊಟೆಸ್ಟೆಂಟರ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸಪ್ರಮಾಣವೇ ಹದಿನೇಳನೇ ಶತಮಾನದಲ್ಲಿ ಒಪ್ಪಿಕೊಂಡಿತ್ತು. 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ, ಪವಿತ್ರ ಗ್ರಂಥದ ಬಾಗಿಲು ಭಕ್ತರೆಲ್ಲರಿಗೂ ವಿಶಾಲವಾಗಿ ತೆರೆದಿರಬೇಕೆಂದು ಸಾರಿತು. ದ್ಯೂಬಾ ಅವರ ಸಭೆಯವರೇ ಇಂದು ಕನ್ನಡ ಬೈಬಲನ್ನು ಮನೆಯಲ್ಲಿಟ್ಟುಕೊಂಡು ಓದುತ್ತಾರೆ. ಹ್ಯಾಂಡ್ಸ್ ಅವರ ಕನ್ನಡವನ್ನು ಅವರ ನಂತರದವರು ಮತ್ತೆ ಮತ್ತೆ ತಿದ್ದಿದರು. ದ್ಯೂಬಾ ತೋರಿಸಿದ ತೊಡಕು ಸುಳ್ಳಾಗಿರಲಿಲ್ಲ. ಆದರೆ ಅದಕ್ಕೆ ಪರಿಹಾರ ಪುಸ್ತಕವನ್ನು ಮುಚ್ಚಿಡುವುದಾಗಿರಲಿಲ್ಲ.

ಇನ್ನು ಆ ಹುಡುಗಿಯ ಪ್ರಶ್ನೆ. ಲೂಕನಲ್ಲಿ ಕಂಡ ಮಾತನ್ನೇ ಮತ್ತಾಯನ 10ನೇ ಅಧ್ಯಾಯದಲ್ಲಿ ನೋಡಿದರೆ ಅಲ್ಲಿ ಹಗೆಯ ಮಾತಿಲ್ಲ. ತಂದೆತಾಯಿಯರನ್ನು ತನಗಿಂತ ಹೆಚ್ಚಾಗಿ ಪ್ರೀತಿಸುವವನ ಮಾತಿದೆ. ಆದಿಕಾಂಡದ 29ನೇ ಅಧ್ಯಾಯದಲ್ಲಿ ಯಾಕೋಬ ಲೇಯಾಳಿಗಿಂತ ರಾಹೇಲಳನ್ನು ಹೆಚ್ಚು ಪ್ರೀತಿಸಿದ ಎಂದಿದೆ. ಅದರ ಬೆನ್ನಿಗೇ ಬರುವ ವಾಕ್ಯದ ಹೀಬ್ರೂ ಮೂಲದಲ್ಲಿ ಲೇಯಾ ‘ಹಗೆಗೊಳಗಾದವಳು’! ಕಡಿಮೆ ಪ್ರೀತಿಯನ್ನು ‘ಹಗೆ’ ಎನ್ನುವುದು ಆ ಭಾಷೆಯ ವಾಡಿಕೆ. ಮಾರ್ಕನ 7ನೇ ಅಧ್ಯಾಯದಲ್ಲಂತೂ, ದೇವರ ಹೆಸರು ಹೇಳಿ ಹೆತ್ತವರಿಗೆ ಕೊಡಬೇಕಾದ ನೆರವನ್ನು ತಪ್ಪಿಸುವವರನ್ನು ಯೇಸುವೇ ಖಂಡಿಸುತ್ತಾನೆ. ಮೊದಲನೆಯದನ್ನೂ ಕೊನೆಯದನ್ನೂ ಹುಡುಗಿ ತಾನೇ ಓದಿ ಕಂಡುಕೊಳ್ಳಬಲ್ಲಳು. ಹೀಬ್ರೂವಿನ ಗುಟ್ಟನ್ನು ಮಾತ್ರ ಬಲ್ಲವರು ಹೇಳಬೇಕು.

ಆದ್ದರಿಂದ ಚಿಕ್ಕಪ್ಪನ ಮಾತಿನ ಅರ್ಧವೂ ಅಪ್ಪನ ಮಾತಿನ ಅರ್ಧವೂ ಸರಿ. ತಾನೇ ಓದಬೇಕು, ಒಂದೇ ವಾಕ್ಯಕ್ಕೆ ಜೋತುಬೀಳದೆ ಹಿಂದುಮುಂದಿನದನ್ನೂ ಓದಬೇಕು. ತಿಳಿಯದಿದ್ದಾಗ ಬಲ್ಲವರನ್ನು ಕೇಳಬೇಕು. ಅವರು ಹೇಳಿದ್ದನ್ನು ಮತ್ತೆ ಪುಸ್ತಕದಲ್ಲಿ ನೋಡಬೇಕು. ಪುಸ್ತಕ ತೆರೆದು ತೋರಿಸುವವನು ಒಳ್ಳೆಯ ಮಾರ್ಗದರ್ಶಿ. ‘ನಾನು ಹೇಳಿದ್ದು ಸಾಕು, ಪುಸ್ತಕ ಮುಚ್ಚು’ ಎನ್ನುವವನ ಬಗ್ಗೆ ಎಚ್ಚರವಿರಬೇಕು. ಯಾವ ಧರ್ಮದ ಗ್ರಂಥಕ್ಕಾದರೂ, ಯಾವ ತರಗತಿಯ ಪಾಠಕ್ಕಾದರೂ ಈ ಮಾತು ಸಲ್ಲುತ್ತದೆ.

ಕಾವೇರಿ ದಂಡೆಯ ಊರುಗಳ ತಂದೆತಾಯಿಯರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಹೊಳೆಯಲ್ಲಿ ಸುಳಿ ಇದೆಯೆಂದು ಮಕ್ಕಳಿಗೆ ಈಜು ಕಲಿಸದೆ ಬಿಟ್ಟರೆ ಅಪಾಯ ತಪ್ಪುವುದಿಲ್ಲ. ಒಂಟಿಯಾಗಿ ನೀರಿಗಿಳಿಸಿದರಂತೂ ಅಪಾಯ ಕಟ್ಟಿಟ್ಟದ್ದೇ. ಸುಳಿ ಎಲ್ಲಿದೆ ಎಂದು ಬಲ್ಲ ಹಿರಿಯರು ಜೊತೆಗೆ ಇಳಿಯುತ್ತಾರೆ. ಮಗು ಕೈಕಾಲು ಆಡಿಸುವುದನ್ನು ಕಲಿತಂತೆ ಹಿಡಿದ ಕೈಯನ್ನು ಸಡಿಲಿಸುತ್ತಾರೆ. ಆ ರಾತ್ರಿ ಅಪ್ಪ ಹೇಳಬೇಕಿದ್ದ ಮಾತು ಇಷ್ಟೇ: ‘ನನಗೂ ಗೊತ್ತಿಲ್ಲ ಕಣವ್ವ. ಎಲ್ಲಿದೆ ತೋರಿಸು, ಇಬ್ಬರೂ ಓದೋಣ. ತಿಳಿಯದಿದ್ದರೆ ಭಾನುವಾರ ಇಬ್ಬರೂ ಹೋಗಿ ಕೇಳೋಣ.’